ಮುಗಿಯದ ಗುಳಿಗೆ

ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಒರಳಿನಲ್ಲಿ ಒಂದಾಗಿ ಎಣ್ಣೆ ಬಿಡುವ ಹೊತ್ತು ಅದು. ಆಗ ಕೈ ನಿಲ್ಲಿಸಿದರೆ ಚಟ್ನಿಯ ಹದ ಕೆಡುತ್ತದೆ. ಅದೇ ಹೊತ್ತಿಗೆ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಂಡಿತು. ನನ್ನ ಎರಡೂ ಕೈ ಖಾರ. ಕಿರುಬೆರಳಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಹಾಗೆ ಹಾಕಿದ್ದು ನನ್ನ ತಪ್ಪೋ ಅಥವಾ ದೇವರೇ ಹಾಕಿಸಿದ್ದೋ, ಇವತ್ತಿಗೂ ತೀರ್ಮಾನ ಮಾಡಿಲ್ಲ. ಯಾಕೆಂದರೆ ಸುದ್ದಿ ಯಾರದಿತ್ತೋ ಅವಳು ಎದುರಿನ ಹೊಸ್ತಿಲ ಮೇಲೆ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಬಿಸಿಲು ಕಾಯಿಸುತ್ತ ಕೂತಿದ್ದಳು.

ಅವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವಳು. ಇಳಕಲ್ಲಿನ ಈ ಮನೆಗೆ ನಾನು ಬಂದ ಮೊದಲ ವರ್ಷ ಅವಳಿಗೆ "ನೀವು" ಅನ್ನುತ್ತಿದ್ದೆ. ಒಂದು ದಿನ ಅವಳೇ, "ನೀವು ಅಂದ್ರ ನಾ ಬೀಗರ ಮನಿಗೆ ಬಂದಂಗ ಆಗ್ತೈತಿ, ಬಿಡು" ಅಂದಳು. ಅವತ್ತಿನಿಂದ ಅವಳು ಅಕ್ಕ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಇದ್ದೇವೆ.

ಎರಡು ವರ್ಷದಿಂದ ಅಕ್ಕನಿಗೆ ಕೀಲಿನ ಬೇನೆ. ವಯಸ್ಸಾದವರ ಮೊಣಕಾಲು ನೋವಲ್ಲ ಇದು. ಎರಡೂ ಕೈಯ ಗೆಣ್ಣು, ಮಣಿಕಟ್ಟು ಸರಿಸಮ ಊದಿಕೊಳ್ಳುತ್ತವೆ. ಮುಂಜಾನೆ ಎದ್ದಾಗ ಮುಷ್ಟಿ ಕಟ್ಟಲೂ ಬರುವುದಿಲ್ಲ, ಅಂಗೈ ಬಿಚ್ಚಲೂ ಬರುವುದಿಲ್ಲ. ಬಾಗಲಕೋಟೆಯ ನವನಗರದ ಒಂದು ದವಾಖಾನೆಯಲ್ಲಿ ತೋರಿಸುತ್ತಿದ್ದೆವು. ಫೋನು ಮಾಡಿದವಳು ಅಲ್ಲಿಯ ನರ್ಸು, ನಾವು ಸಿಸ್ಟರ್ ಅನ್ನುವವಳು. ಕೆರೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ. ಹುಡುಗಿ ಅಂದರೂ ಎರಡು ಮಕ್ಕಳ ತಾಯಿ.

ರಕ್ತದ ವರದಿ ಬಂದಿದೆ ಅಂದಳು. ಊತ ಇಳಿಯುವ ಬದಲು ಏರಿದೆಯಂತೆ. ಗುಳಿಗೆ ಕೆಲಸ ಮಾಡುತ್ತಿಲ್ಲ ಅನ್ನುವುದು ಡಾಕ್ಟರರ ಅಭಿಪ್ರಾಯ, ಇನ್ನು ಇಂಜೆಕ್ಷನ್ನಿಗೆ ಹೋಗಬೇಕಾಗಬಹುದು. ಅದು ಜೋರಿನ ಔಷಧ, ಅದನ್ನು ಶುರು ಮಾಡುವ ಮೊದಲು ಎದೆಯ ಫೋಟೋ, ಇನ್ನೂ ಕೆಲವು ಪರೀಕ್ಷೆ ಆಗಬೇಕು. ಹೀಗೇ ಬಿಟ್ಟರೆ ಬೆರಳು ಒಂದು ಕಡೆಗೆ ವಾಲಿ ಹಾಗೇ ನಿಂತುಬಿಡುತ್ತವೆ, ಆಮೇಲೆ ಯಾವ ಔಷಧವೂ ಅವನ್ನು ನೆಟ್ಟಗೆ ಮಾಡುವುದಿಲ್ಲ. ಗುರುವಾರ ಬರಬೇಕು, ಮನೆಯಲ್ಲಿ ಉಳಿದಿರುವ ಗುಳಿಗೆಯನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತರಬೇಕು. ಇಷ್ಟು ಹೇಳಿ ಇಟ್ಟಳು.

ಅಕ್ಕ ಕಂಕುಳಿನಿಂದ ಕೈ ತೆಗೆದು ಬಿಸಿಲಿಗೆ ಹಿಡಿದು ನೋಡಿಕೊಂಡಳು. ಅವಳ ತವರು ಬಾದಾಮಿ. ಅಲ್ಲಿ ಅವಳ ಸೋದರತ್ತೆಗೆ ಇದೇ ಬೇನೆ ಇತ್ತು. ಆಗ ಔಷಧ ಗೊತ್ತಿರಲಿಲ್ಲ. ಆಕೆಯ ಬೆರಳು ಕೊನೆಗೆ ಹಸಿಶುಂಠಿಯ ಹಾಗೆ ಆಗಿದ್ದವಂತೆ. ಬೇರೆಯವರು ತುತ್ತು ಮಾಡಿ ಬಾಯಿಗಿಡಬೇಕಾಗಿತ್ತು.

"ಚಟ್ನಿ ಕುಟ್ಟು," ಅಂದಳು ಅಕ್ಕ. "ಹದ ಹೋಗ್ತೈತಿ."

ಕುಟ್ಟಿದೆ. ಆದರೆ ಹದ ಆಗಲೇ ಹೋಗಿತ್ತು.

ನನಗೊಂದು ರೂಢಿ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಕೈಬೆರಳಿನ ಗೆರೆ ಮುಟ್ಟುತ್ತ ಅವತ್ತು ದೇವರು ಮಾಡಿದ ಉಪಕಾರಗಳನ್ನು ಎಣಿಸುತ್ತೇನೆ. ದೊಡ್ಡವೇನಲ್ಲ. ನಳ ಎರಡು ತಾಸು ಬಂತು. ಹಾಲು ಉಕ್ಕಲಿಲ್ಲ. ಅಕ್ಕ ತನ್ನ ಕುಬಸದ ಗುಂಡಿ ತಾನೇ ಹಾಕಿಕೊಂಡಳು. ಹೀಗೆ. ಆ ಎಣಿಕೆಯಲ್ಲಿ ಕೆಲವು ದಿನಗಳಿಂದ ಇನ್ನೊಂದು ಸೇರಿತ್ತು. ಅಕ್ಕನಿಗೆ ಎರಡು ತಿಂಗಳಿಗೆಂದು ತಂದ ಗುಳಿಗೆ ಎರಡು ತಿಂಗಳು ಮುಗಿಯುತ್ತ ಬಂದರೂ ಇನ್ನೂ ಡಬ್ಬಿಯಲ್ಲಿದ್ದವು. ಔಷಧ ಅಂಗಡಿಯವನು ಕಣ್ತಪ್ಪಿ ಗುಳಿಗೆಯ ಪಟ್ಟಿ ಹೆಚ್ಚು ಹಾಕಿರಬೇಕು ಅಂದುಕೊಂಡೆ. ಅವನ ಕಣ್ಣು ತಪ್ಪಿಸಿದವನು ಶಿವನೇ ಅಂದುಕೊಂಡು ಅದಕ್ಕೂ ಒಂದು ಗೆರೆ ಮುಟ್ಟುತ್ತಿದ್ದೆ. ಡಬ್ಬಿ ಅಕ್ಕನ ಪೂಜೆಯ ಗೂಡಿನಲ್ಲಿರುತ್ತಿತ್ತು. ಮುಂಜಾನೆಯ ಗುಳಿಗೆ ಅವಳೇ ತೆಗೆದುಕೊಳ್ಳುತ್ತಿದ್ದಳು, ನಾನು ಕೇಳುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಕೈಯಲ್ಲಿ ರೊಟ್ಟಿ ಇರುತ್ತಿತ್ತು. ರಾತ್ರಿಯದನ್ನು ಮಾತ್ರ ಊಟದ ಮೇಲೆ ನಾನು ಕೊಡುತ್ತಿದ್ದೆ. ವಾರಕ್ಕೊಂದೇ ನುಂಗಬೇಕಾದ ಗುಳಿಗೆಯೂ ರಾತ್ರಿಯದೇ. ಅದಕ್ಕೆ ಸಿಸ್ಟರ್ ಗುರುವಾರ ಎಂದು ಗೊತ್ತು ಮಾಡಿ, ಪಟ್ಟಿಯ ಮೇಲೆ ದಪ್ಪಗೆ ಬರೆದುಕೊಟ್ಟಿದ್ದಳು. ಅಪ್ಪಿತಪ್ಪಿ ದಿನಾ ಕೊಟ್ಟರೆ ಜೀವಕ್ಕೆ ಬರುತ್ತದೆ ಅಂದಿದ್ದಳು.

ಗುರುವಾರ ಮುಂಜಾನೆಯ ಬಸ್ಸು ಹಿಡಿದೆವು. ಚಳಿ ಇತ್ತು. ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ನಾನು ಎರಡು ಚಹಾ ತಂದೆ. ಅಕ್ಕ ಬೇಡ ಅಂದಳು. ಗ್ಲಾಸಿಗೆ ಎರಡೂ ಕೈ ಹಚ್ಚಿ ಶಾಖ ತೆಗೆದುಕೊಂಡು, ಕುಡಿಯದೆ ನನಗೇ ಕೊಟ್ಟಳು. ದವಾಖಾನೆಗೆ ಹೋದ ದಿನವೆಲ್ಲ ಅವಳು ಹೀಗೇ, ಮನೆಗೆ ಬರುವತನಕ ನೀರೂ ಮುಟ್ಟುವುದಿಲ್ಲ. ರಕ್ತ ಕೊಡಬೇಕಲ್ಲ, ಅದಕ್ಕೆ ಉಪವಾಸ ಅಂದುಕೊಂಡಿದ್ದೆ. ಆ ದಿನ ರಕ್ತ ಕೊಡುವುದಿರಲಿಲ್ಲ. ಚಹಾ ಕುಡಿಯುವಾಗ ನನಗೆ ಅದು ಹೊಳೆಯಿತು. ಬಸ್ಸು ಬಿಟ್ಟ ಗದ್ದಲದಲ್ಲಿ ಕೇಳುವುದು ಮರೆತುಹೋಯಿತು.

ಸಿಸ್ಟರ್ ಕೂಡುವ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ನನಗೆ ಆ ಕೋಣೆ ಸೇರುತ್ತಿತ್ತು. ಕಾರಣ, ಅಲ್ಲಿ ಏನು ಕೇಳಿದರೂ ಉತ್ತರ ಬರುತ್ತಿತ್ತು. ಮೊದಲ ಸಲ ಹೋದಾಗ ನಾನು ಕೇಳಿದ್ದೆ, ಇದು ಯಾವ ಪಾಪದ ಬೇನೆ ಅಂತ. ಅವಳು ನಗಲಿಲ್ಲ. ಮೈಯನ್ನು ಕಾಯಲಿಕ್ಕೆ ಮೈಯೊಳಗೇ ಒಂದು ಶಕ್ತಿ ಇದೆ, ಅದು ಮನೆ ಕಾಯುವ ನಾಯಿ ಇದ್ದ ಹಾಗೆ. ಈ ಬೇನೆಯಲ್ಲಿ ಆ ನಾಯಿ ಮನೆಯವರ ಗುರುತು ಮರೆತು ಅವರನ್ನೇ ಕಚ್ಚುತ್ತದೆ ಅಂದಳು. ಕೀಲಿನಲ್ಲಿ ಊತ, ಬಿಸಿ, ನೋವು ಎಲ್ಲ ಅದರ ಹಲ್ಲಿನ ಗುರುತು. ಮತ್ತೆ ಗುಳಿಗೆ? ಗುಳಿಗೆ ನಾಯಿಗೆ ಸ್ವಲ್ಪ ಮಂಕು ಕವಿಸುತ್ತದೆ. ಹಾಗಾದರೆ ಕಳ್ಳ ಬಂದರೆ? ಅದನ್ನು ಕೇಳಿದ್ದಕ್ಕೆ ಅವಳಿಗೆ ಭಾಳ ಖುಷಿಯಾಗಿತ್ತು. "ಅದಕ್ಕ ಹೇಳೂದ್ರಿ ಅಕ್ಕಾರ, ಜ್ವರ ಬಂದ್ರ ತಾಸೊತ್ತು ಕೂಡಬ್ಯಾಡ್ರಿ, ಫೋನ್ ಮಾಡ್ರಿ. ಮಂಕಾಗಿದ್ದ ನಾಯಿ ಬೊಗಳೂದಿಲ್ಲ." ಅವತ್ತಿನಿಂದ ನಮ್ಮ ಮನೆಯಲ್ಲಿ ಬೇನೆಗೆ ನಾಯಿ ಎಂದೇ ಹೆಸರು. ಇವತ್ತು ನಾಯಿ ಹೆಂಗೈತಿ ಅಂದರೆ, ಮಲಗೈತಿ ಅಥವಾ ಗುರ್ರ ಅಂತೈತಿ ಅನ್ನುತ್ತಾಳೆ ಅಕ್ಕ.

ಆ ಗುರುವಾರ ಸಿಸ್ಟರ್ ನಮ್ಮ ಚೀಲವನ್ನು ಮೇಜಿನ ಮೇಲೆ ಸುರಿದಳು. ಪಟ್ಟಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಹಿಂದಿನ ಚೀಟಿಯ ತಾರೀಖು ನೋಡಿ ಎಣಿಸಿದಳು. ಎಣಿಸಿದ ಮೇಲೆ ಇನ್ನೊಮ್ಮೆ ಎಣಿಸಿದಳು.

"ರಾತ್ರಿವು ಸರಿ ಅದಾವು," ಅಂದಳು. "ವಾರದ್ದೂ ಸರಿ ಐತಿ. ಮುಂಜಾನಿವು ಮಾತ್ರ ಹತ್ತೊಂಬತ್ತು ದಿನದ್ದು ಉಳದಾವು."

ನಾನು ಉತ್ಸಾಹದಿಂದಲೇ ಹೇಳಿದೆ, ಅಂಗಡಿಯವನು ಹೆಚ್ಚು ಕೊಟ್ಟಿದ್ದಾನೆ, ನಾನೂ ಅದನ್ನೇ ನೋಡಿ ದೇವರು ದೊಡ್ಡವನು ಅಂದುಕೊಂಡೆ ಅಂತ. ಅವಳು ಪಟ್ಟಿಗಳನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅಕ್ಕಾರ, ದೇವ್ರು ಗುಳಿಗಿ ಹೆಚ್ಚ ಮಾಡೂದಿಲ್ರಿ. ಇವು ಹೊಟ್ಯಾಗ ಹೋಗಿಲ್ಲ."

ಅಕ್ಕ ಕಿಟಕಿಯ ಕಡೆಗೆ ತಿರುಗಿದಳು. ಇಷ್ಟು ದಿನ ಒಂದೊಂದೇ ಗೆರೆ ಮುಟ್ಟಿ ನಾನು ಎಣಿಸಿದ್ದು ಅಕ್ಕ ನುಂಗದೆ ಬಿಟ್ಟ ಗುಳಿಗೆಯನ್ನು.

ಸಿಸ್ಟರ್ ಬೈಯಲಿಲ್ಲ. ಮೇಜಿನ ಖಾನೆಯಿಂದ ಬಿಸ್ಕೀಟಿನ ಪುಡಿಕೆ ತೆಗೆದು, ತಿನ್ನಿರಿ ಅವ್ವಾರ, ಮುಖ ಬಾಡಿದೆ ಅಂದಳು. ಅಕ್ಕ ಬೇಡ ಅಂದಳು. ಪೂಜೆ ಆಗಿಲ್ಲ ಅಂದಳು. ಆಗ ಸಿಸ್ಟರ್ ಪೆನ್ನು ಮುಚ್ಚಿಟ್ಟು, ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಬಿಟ್ಟಾಗಿನಿಂದ ಊಟ ಮಾಡುವತನಕ ಏನೇನು ಮಾಡುತ್ತೀರಿ, ಒಂದೂ ಬಿಡದೆ ಹೇಳಿರಿ ಅಂದಳು.

ಅಕ್ಕ ಹೇಳತೊಡಗಿದಳು. ನಾನೂ ಹೊಸಬಳ ಹಾಗೆ ಕೇಳುತ್ತ ಕೂತೆ. ಐದು ಗಂಟೆಗೆ ಎಚ್ಚರ. ಕೈ ಕಟ್ಟಿಗೆಯ ಹಾಗೆ. ಸ್ನಾನಕ್ಕೆ ನಾನು ನೀರು ತೋಡಿಕೊಡುತ್ತೇನೆ. ಆಮೇಲೆ ಪೂಜೆಗೆ ಕೂಡುತ್ತಾಳೆ. ಕೂಡುತ್ತಾಳೆ ಅಷ್ಟೇ, ಪೂಜೆ ಶುರುವಾಗುವುದಿಲ್ಲ. ಕೈ ಬಿಚ್ಚುವ ದಾರಿ ಕಾಯುತ್ತ ಕಣ್ಣು ಮುಚ್ಚಿ ಕೂತಿರುತ್ತಾಳೆ. ನಾವೆಲ್ಲ ಅವಳು ಧ್ಯಾನದಲ್ಲಿದ್ದಾಳೆ ಅಂದುಕೊಂಡು ಸಪ್ಪಳ ಮಾಡದೆ ಓಡಾಡುತ್ತಿದ್ದೆವು. ಒಂಬತ್ತಾಗುತ್ತದೆ, ಹತ್ತಾಗುತ್ತದೆ, ಚಳಿ ಇದ್ದರೆ ಹನ್ನೊಂದು. ಕೈ ಬಿಚ್ಚಿದ ಮೇಲೆ ಪೂಜೆ, ಪೂಜೆಯಾದ ಮೇಲೆ ಬಾಯಿಗೆ ನೀರು. ಊಟದ ಮೇಲೆ ತೆಗೆದುಕೊಳ್ಳಬೇಕು ಎಂದು ಗುಳಿಗೆಯ ಲಕೋಟೆಯ ಮೇಲೆ ಬರೆದಿದೆ, ಮುಂಜಾನೆ ಎಂದು ಸೂರ್ಯನ ಚಿತ್ರವೂ ಇದೆ. ಊಟಕ್ಕೆ ಕೂಡುವಾಗ ಸೂರ್ಯ ನೆತ್ತಿಗೆ ಬಂದಿದ್ದರೆ ಮುಂಜಾನೆ ದಾಟಿತು ಎಂದು ಅವನ್ನು ತಿರುಗಿ ಡಬ್ಬಿಗೆ ಹಾಕುತ್ತಿದ್ದಳು.

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ದೊಡ್ಡವರಾದ ಮೇಲೆ ದಿನಾ ಅದನ್ನು ಎಡಗೈ ಅಂಗೈಯಲ್ಲಿಟ್ಟು, ವಿಭೂತಿ ಪತ್ರಿ ಏರಿಸಿ, ಕಣ್ಣಿಟ್ಟು ಪೂಜಿಸಿದ ಮೇಲೆಯೇ ತುತ್ತು. ಅಕ್ಕ ಹೆರಿಗೆಯ ನೋವಿನಲ್ಲೂ ಇದನ್ನು ತಪ್ಪಿಸಿದವಳಲ್ಲ. ಇದರಲ್ಲಿ ತಪ್ಪು ಯಾವುದು ಎಂದು ಯಾರೂ ಬೊಟ್ಟು ಮಾಡಲಾರರು. ಆದರೆ ಅವಳು ಹೇಳುತ್ತ ಹೋದ ಹಾಗೆ ನನಗೆ ಗಂಟು ಕಂಡಿತು. ಕೈ ಬಿಚ್ಚಲು ಗುಳಿಗೆ ಬೇಕು. ಗುಳಿಗೆಗೆ ಊಟ ಬೇಕು. ಊಟಕ್ಕೆ ಪೂಜೆ ಆಗಬೇಕು. ಪೂಜೆಗೆ ಕೈ ಬೇಕು.

ಸಿಸ್ಟರ್ ಒಂದೇ ಮಾತು ಕೇಳಿದಳು. ಕೈ ಪೂರ್ತಿ ಬಿಚ್ಚುವತನಕ ಯಾಕೆ ಕಾಯುತ್ತೀರಿ, ಅರ್ಧ ಬಿಚ್ಚಿದಾಗ ಹಿಡಿಯಲು ಬರುವುದಿಲ್ಲವೇ ಅಂತ.

ಅಕ್ಕ ಸೆರಗನ್ನು ಕೊರಳಿಗೆ ಎಳೆದುಕೊಂಡಳು. ನನ್ನ ಕಡೆಗೆ ನೋಡದೆ ಸಿಸ್ಟರಿಗೇ ಹೇಳಿದಳು:

"ಒಮ್ಮಿ ಬಿತ್ತು."

"ಏನ್ ಬಿತ್ರಿ ಅವ್ವಾರ?"

"ಲಿಂಗ. ದೀಪಾವಳಿ ಮುಂದ. ಬೆರಳು ಒಳಗ ಮಡಚಲಿಲ್ಲ, ಜಾರಿ ನೆಲಕ್ಕ ಬಿತ್ತು. ಮನ್ಯಾಗ ಯಾರಿಗೂ ಹೇಳಿಲ್ಲ."

ಲಿಂಗ ಕೈ ಜಾರಿದರೆ ಜೀವ ಜಾರಿದ ಲೆಕ್ಕ ಎಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವರು ನಾವು. ದೀಪಾವಳಿಯ ಮುಂದೆ ಒಂದು ದಿನ ಅಕ್ಕ ಹೊಟ್ಟೆ ಸರಿಯಿಲ್ಲ ಎಂದು ಇಡೀ ದಿನ ಉಪವಾಸ ಮಲಗಿದ್ದು ನೆನಪಾಯಿತು. ನಾನು ಅವತ್ತು ಅಜವಾನದ ನೀರು ಕುದಿಸಿ ತಂದಿಟ್ಟಿದ್ದೆ. ಅವಳು ಅದನ್ನೂ ಮುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಇದ್ದ ನನಗೆ ಹೇಳದ್ದನ್ನು ಅವಳು ಈ ಹುಡುಗಿಗೆ ಹೇಳಿದಳು. ಮೊದಲು ನನಗೆ ಚುರುಕ್ ಅಂದಿತು. ಆಮೇಲೆ ಅರ್ಥವಾಯಿತು. ನನಗೆ ಹೇಳಿದ್ದರೆ ನಾನು ಅತ್ತು, ಮಠಕ್ಕೆ ಓಡಿ, ಮನೆಯನ್ನೆಲ್ಲ ಎಬ್ಬಿಸುತ್ತಿದ್ದೆ. ಈ ಹುಡುಗಿ ಕೇಳಿದ್ದು, ಹೇಗೆ ಹಿಡಿಯುತ್ತೀರಿ, ತೋರಿಸಿರಿ ಅಂತ ಅಷ್ಟೇ.

ಅಲ್ಲಿ ಲಿಂಗ ಹೊರಗೆ ತೆಗೆಯಲು ಅಕ್ಕನಿಗೆ ಮನಸ್ಸಿಲ್ಲ. ನನ್ನ ಚೀಲದಲ್ಲಿ ಬಸ್ಸಿನ ವಾಕರಿಕೆಗೆಂದು ಇಟ್ಟುಕೊಂಡ ನಿಂಬೆಹಣ್ಣಿತ್ತು. ಅದನ್ನೇ ನನ್ನ ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದೆ. ಸಿಸ್ಟರ್ ಸುತ್ತಲೂ ಬಂದು ನೋಡಿದಳು. ಮಣಿಕಟ್ಟು ಎಷ್ಟು ಹಿಂದಕ್ಕೆ ಬಾಗಿದೆ, ಬೆರಳು ಎಲ್ಲಿ ಮಡಚಿವೆ, ಮೊಣಕೈಗೆ ಆಧಾರ ಇದೆಯೋ ಇಲ್ಲವೋ. ಎಷ್ಟು ಹೊತ್ತು ಹಿಡಿಯುತ್ತೀರಿ ಅಂದಳು. ಅರ್ಧ ತಾಸು ಅಂದೆವು. ನಿಂಬೆಹಣ್ಣು ಇಸಿದುಕೊಂಡು ತನ್ನ ಅಂಗೈಯಲ್ಲಿಟ್ಟು ತಾನೂ ಹಾಗೇ ಕೂತಳು. ಸ್ವಲ್ಪ ಹೊತ್ತಿಗೇ ಮುಖ ಸೊಟ್ಟಗಾಯಿತು.

"ನನ್ನ ಕೈನ ಹರ್ಯಾಕತ್ತೈತ್ರಿ," ಅಂದಳು. "ಊದಿದ ಕೈಯಾಗ ನೀವು ಹೆಂಗ ಹಿಡದೀರಿ ಇಷ್ಟ ದಿನ?"

ಅಕ್ಕ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ.

ಆಮೇಲೆ ಸಿಸ್ಟರ್ ತನ್ನ ತಾಯಿಯ ಸುದ್ದಿ ಹೇಳಿದಳು. ಆಕೆಗೆ ಸಕ್ಕರೆ ಬೇನೆ. ರಮಜಾನದಲ್ಲಿ ರೋಜಾ ಬಿಡು, ಬೇನೆಯವರಿಗೆ ವಿನಾಯಿತಿ ಇದೆ ಅಂದರೆ ತಾಯಿ ಮಾತೇ ಬಿಡುತ್ತಿದ್ದಳಂತೆ. "ಬಿಡು ಅನ್ನೂದ ನಾ ಬಿಟ್ಟೆ. ಡಾಕ್ಟರ್ನ ಕೇಳಿ ಗುಳಿಗಿ ಹೊತ್ತ ಹೊಂದಿಸಿ ಕೊಟ್ಟೆ. ನಿಮಗೂ ಪೂಜಿ ಬಿಡ್ರಿ ಅನ್ನೂದಿಲ್ಲ ಅವ್ವಾರ. ಪೂಜಿ ಜಲ್ದಿ ಆಗೂ ಹಂಗ ಮಾಡೂಣು."

ನಮ್ಮನ್ನು ಕೂರಿಸಿ ತಾನೇ ಡಾಕ್ಟರರ ಕೋಣೆಗೆ ಹೋಗಿ ಎಲ್ಲ ಹೇಳಿ ಬಂದಳು. ಡಾಕ್ಟರರು ಕರೆದು ಕೈ ಒತ್ತಿ ನೋಡಿದರು. ಗುಳಿಗೆ ಕೆಲಸ ಮಾಡಲಿಲ್ಲ ಎಂದು ನಾನು ತಿಳಿದಿದ್ದೆ, ಅದಕ್ಕೆ ಕೆಲಸ ಮಾಡಲು ನೀವು ಬಿಟ್ಟೇ ಇಲ್ಲ ಅಂದರು. ಮುಂಜಾನೆಯ ಗುಳಿಗೆಯಲ್ಲಿ ಒಂದು ಹೀಗೆ ಬಿಟ್ಟು ಬಿಟ್ಟು ತೆಗೆದುಕೊಳ್ಳುವಂಥದೇ ಅಲ್ಲ, ಮೈಗೆ ಅಪಾಯ, ಹೊತ್ತು ತಪ್ಪಿದರೆ ಫೋನು ಮಾಡಿ ಕೇಳಬೇಕು ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಇಂಜೆಕ್ಷನ್ನನ್ನು ಆರು ವಾರ ಮುಂದೆ ಹಾಕಿದರು. ಆರು ವಾರ ಒಂದೂ ತಪ್ಪದೆ ನುಂಗಿ ಮತ್ತೆ ರಕ್ತ ಕೊಡಬೇಕು. ಊತ ಇಳಿದಿದ್ದರೆ ಸರಿ, ಇಳಿಯದಿದ್ದರೆ ಇನ್ನು ತಡ ಮಾಡುವಂತಿಲ್ಲ, ಬೆರಳು ಕಾಯುವುದಿಲ್ಲ ಅಂದರು.

ಮರುದಿನ ಮುಂಜಾನೆ ಸಿಸ್ಟರ್ ಹೇಳಿದ್ದನ್ನೆಲ್ಲ ಹೊಂದಿಸಿದೆ. ಅಗಲ ಬೋಗುಣಿಯಲ್ಲಿ ಬಿಸಿನೀರು, ನನ್ನ ಮೊಣಕೈ ಅದ್ದಿ ನೋಡಿದರೆ ಹಿತ ಅನ್ನಿಸುವಷ್ಟು. ಅದರಲ್ಲಿ ಅಕ್ಕ ಎರಡೂ ಕೈ ಮುಳುಗಿಸಿ, ಹತ್ತು ನಿಮಿಷ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಚ್ಚಬೇಕು. ಜೋರು ಮಾಡಿ ಎಳೆಯುವಂತಿಲ್ಲ, ತಿಕ್ಕುವಂತಿಲ್ಲ. ಆಮೇಲೆ ಒರೆಸಿಕೊಂಡು ಪೂಜೆಗೆ. ಮೊಣಕೈ ಕೆಳಗೆ ದಿಂಬು, ಮಣಿಕಟ್ಟಿನ ಕೆಳಗೆ ಹಳೆಯ ಸೀರೆಯ ಸುರುಳಿ. ಇಷ್ಟೆಲ್ಲ ಆದ ಮೇಲೂ ಅಕ್ಕನ ಬೆರಳು ಪೂರ್ತಿ ಒಳಗೆ ಮಡಚಲಿಲ್ಲ. ಅವಳು ಕೊರಳ ವಸ್ತ್ರ ಬಿಚ್ಚಿ ಲಿಂಗ ತೆಗೆಯಲಿಲ್ಲ. ಬೀಳುತ್ತದೆ ಅಂದಳು.

ನಾನು ಪಕ್ಕದಲ್ಲಿ ಕೂತು ನನ್ನ ಎಡ ಅಂಗೈಯನ್ನು ಅವಳ ಕೈಯ ಕೆಳಗೆ ಚಾಚಿದೆ.

"ಇದೇನ ಹೊಸಾದು," ಅಂದಳು. "ನನ್ನ ಪೂಜಿಗೆ ನಿನ್ನ ಕೈ ಯಾಕ?"

"ಬಿದ್ರ ನನ್ನ ಕೈಯಾಗ ಬೀಳ್ಲಿ."

"ನಿನ್ನ ಪೂಜಿ ಯಾವಾಗ ಮಾಡ್ಕೋತಿ? ರೊಟ್ಟಿ ಯಾರು ಬಡೀತಾರ?"

"ಅದನ್ನ ನಿನ್ನ ಮೈದುನಗ ಕೇಳು," ಅಂದೆ.

ಅಕ್ಕನ ಮೈದುನ ಅಂದರೆ ನನ್ನ ಗಂಡ. ಹೊರಗೆ ಪೇಪರು ಓದುತ್ತ ಕೂತವನು ಕೆಮ್ಮಿ ಹಾಳೆ ತಿರುವಿದ. ಅಕ್ಕ ನಗು ತಡೆದುಕೊಂಡು ಕೊರಳಿಗೆ ಕೈ ಹಾಕಿದಳು.

ಅವಳ ಕೈಬೆನ್ನು ನನ್ನ ಅಂಗೈಗೆ ತಾಗಿದಾಗ ನಾನು ಬೆಚ್ಚಿದೆ. ಎಷ್ಟು ಕಾವು! ಮೈಗೆ ಜ್ವರ ಇಲ್ಲ, ಗೆಣ್ಣಿಗೆ ಮಾತ್ರ ಜ್ವರ. ಊದಿದ ಗೆಣ್ಣುಗಳು ನೆನೆದ ಕಡಲೆಯ ಹಾಗೆ ಮೆತ್ತಗಿದ್ದವು, ಎಲುಬಿನ ಹಾಗೆ ಗಟ್ಟಿ ಇರುತ್ತವೆ ಅಂದುಕೊಂಡಿದ್ದೆ. ಎರಡು ವರ್ಷದಿಂದ ಅವಳಿಗೆ ನೀರು ತೋಡಿ, ತಲೆ ಬಾಚಿ, ಸೀರೆಯ ನೆರಿಗೆ ಹಿಡಿದು ಎಲ್ಲ ಮಾಡುತ್ತಿದ್ದೆ, ಆದರೆ ಆ ಕೈಯನ್ನು ಮಾತ್ರ ಹೀಗೆ ಹಿಡಿದಿರಲಿಲ್ಲ. ಎಲ್ಲಿ ನೋಯುತ್ತದೋ ಎಂದು ಮುಟ್ಟದೆ ಬಿಟ್ಟಿದ್ದೆ. ಇನ್ನೊಂದು ಸಂಗತಿ. ಇಷ್ಟು ವರ್ಷ ಅಕ್ಕಪಕ್ಕ ಕೂತು ಪೂಜೆ ಮಾಡಿದರೂ ಅವರವರ ಕಣ್ಣು ಅವರವರ ಅಂಗೈಯ ಮೇಲೆ. ಅವಳ ಲಿಂಗವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಹೊರಗಿನ ಕಂಥೆ, ಅಂದರೆ ಮೇಲಿನ ಕಪ್ಪು ಲೇಪ, ಒಂದು ಕಡೆ ಸಣ್ಣಗೆ ಚಕ್ಕೆ ಎದ್ದಿತ್ತು. ಬಿದ್ದಾಗ ಎದ್ದದ್ದೇ ಇರಬೇಕು. ಅಕ್ಕ ಆ ಜಾಗದ ಮೇಲೆ ವಿಭೂತಿಯನ್ನು ಸ್ವಲ್ಪ ಹೆಚ್ಚೇ ಹಚ್ಚಿದಳು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಏಳೂವರೆಗೆ ಪೂಜೆ ಮುಗಿಯಿತು. ಎಂಟಕ್ಕೆ ಉಪ್ಪಿಟ್ಟು ತಿಂದಳು. ಅದರ ಮೇಲೆ ಮೂರು ಗುಳಿಗೆ. ಮುಂಜಾನೆ ಇನ್ನೂ ಮುಂಜಾನೆಯಾಗಿಯೇ ಇತ್ತು.

ಮೊದಲ ವಾರ ಏನೂ ಬದಲಾಗಲಿಲ್ಲ. ಒಂದು ದಿನ ನಾನು ಆತುರಕ್ಕೆ ನೀರು ಸುಡುಸುಡು ಕೊಟ್ಟು ಬೈಸಿಕೊಂಡೆ. ಇನ್ನೊಂದು ದಿನ ಅವಳು ಹಟಕ್ಕೆ ಬಿದ್ದು ಒದ್ದೆ ಸೀರೆ ತಾನೇ ಹಿಂಡಿದಳು, ಸಂಜೆ ಮಣಿಕಟ್ಟು ಬದನೆಕಾಯಿಯಷ್ಟಾಯಿತು. ಅವತ್ತಿನಿಂದ ಹಿಂಡುವ ಕೆಲಸ ನನ್ನದು, ಒಣಹಾಕುವುದು ಅವಳದು. ಚಮಚೆ, ಬಾಚಣಿಗೆಯ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ದಪ್ಪ ಇದ್ದರೆ ಬೆರಳು ಹೆಚ್ಚು ಮಡಚಬೇಕಾಗಿಲ್ಲ ಎನ್ನುವುದು ಸಿಸ್ಟರ್ ಹೇಳಿಕೊಟ್ಟದ್ದು. ಮೂರನೆಯ ವಾರ ಅಕ್ಕನಿಗೆ ಜ್ವರ ಬಂತು. ಹಿಂದಾಗಿದ್ದರೆ ಕಷಾಯ ಕೊಟ್ಟು ಹೊದಿಸಿ ಮಲಗಿಸುತ್ತಿದ್ದೆ. ಈ ಸಲ ಕಳ್ಳ ಬಂದಿದ್ದಾನೆ ಎಂದು ಸಿಸ್ಟರಿಗೆ ಫೋನು ಮಾಡಿದೆ. ಊರಿನ ಡಾಕ್ಟರರಿಗೆ ಅವತ್ತೇ ತೋರಿಸಿ, ಏನೇನು ಗುಳಿಗೆ ನಡೆದಿವೆ ಎಂದು ಅವರಿಗೆ ಹೇಳಿರಿ ಅಂದಳು. ಬಾಗಲಕೋಟೆಯ ಡಾಕ್ಟರರನ್ನು ತಾನೇ ಕೇಳಿ ಬಂದು, ಆ ಗುರುವಾರದ ಗುಳಿಗೆ ಮಾತ್ರ ತಡೆಯಿರಿ, ಮುಂಜಾನೆಯದು ನಡೆಯಲಿ ಅಂದಳು. ನಾಲ್ಕು ದಿನಕ್ಕೆ ಜ್ವರ ಇಳಿಯಿತು.

ನನ್ನ ಸಂಜೆಯ ಎಣಿಕೆಯೂ ಬದಲಾಯಿತು. ದೀಪ ಹಚ್ಚಿದ ಮೇಲೆ ಮೊದಲು ಗುಳಿಗೆಯ ಪಟ್ಟಿ ಎಣಿಸುತ್ತೇನೆ, ಆಮೇಲೆ ಬೆರಳಿನ ಗೆರೆ. ದೇವರಿಗೆ ಇದರಿಂದ ಬೇಸರವಾಗಿರಲಾರದು ಅಂದುಕೊಂಡಿದ್ದೇನೆ.

ನಾಲ್ಕನೆಯ ವಾರ ಒಂದು ಮುಂಜಾನೆ, ಕೈ ಬಿಸಿನೀರಿನಲ್ಲಿದ್ದಾಗ, ನಾಯಿ ಹೆಂಗೈತಿ ಎಂದು ಕೇಳಿದೆ. ಬಾಲ ಅಲ್ಲಾಡಸಾಕತ್ತೈತಿ ಅಂದಳು. ಆದರೂ ನನ್ನ ಕೈಯನ್ನು ತೆಗೆಯಲು ಅವಳೂ ಹೇಳಲಿಲ್ಲ, ನಾನೂ ತೆಗೆಯಲಿಲ್ಲ. ಕೈಬೆನ್ನಿನ ಕಾವು ಕಡಿಮೆಯಾಗುತ್ತಿರುವುದು ರಕ್ತದ ವರದಿಗಿಂತ ಮೊದಲು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಹೌದೋ ಅಲ್ಲವೋ ಎಂದು ಸಂಶಯವೂ ಬರುತ್ತಿತ್ತು. ನನಗೆ ಬೇಕಾದದ್ದನ್ನು ಎಣಿಸಿಕೊಳ್ಳುವವಳು ನಾನು, ಒಮ್ಮೆ ಮೋಸ ಹೋಗಿದ್ದೆನಲ್ಲ.

ಆರು ವಾರ ಮುಗಿದ ಮೇಲೆ ಇಳಕಲ್ಲಿನಲ್ಲೇ ರಕ್ತ ಕೊಟ್ಟು ಬಂದೆವು. ವರದಿ ನೇರವಾಗಿ ಅಲ್ಲಿಗೆ ಹೋಗುತ್ತದೆ ಅಂದರು. ಎರಡು ದಿನ ಅಕ್ಕ ಫೋನಿನ ಹತ್ತಿರವೇ ಸುಳಿದಾಡಿದಳು. ಕೇಳಿದರೆ ಬಾದಾಮಿಯಿಂದ ತಮ್ಮ ಫೋನು ಮಾಡುವವನಿದ್ದಾನೆ ಅಂದಳು.

ಮೂರನೆಯ ದಿನ ಹಿತ್ತಲಲ್ಲಿ ಚಾಪೆ ಹಾಸಿ ಹುಣಸೆಹಣ್ಣು ಬಿಡಿಸಲು ಕೂತಿದ್ದೆ. ವರ್ಷದ ಹುಣಸೆಹಣ್ಣು. ಸಿಪ್ಪೆ ಒಡೆಯುವುದು, ಬೀಜ ಬಡಿದು ತೆಗೆಯುವುದು ನನ್ನ ಪಾಲು. ಅಕ್ಕ ಎದುರಿಗೆ ಕೂತು, ಬಿಡಿಸಿದ ಹಣ್ಣಿನ ನಾರು ಎಳೆಯುತ್ತಿದ್ದಳು, ಒಂದೊಂದೇ ಎಳೆ, ಎರಡು ಬೆರಳಿನಲ್ಲಿ. ಫೋನು ಹೊಡೆದುಕೊಂಡಿತು. ನನ್ನ ಕೈ ಅಂಟು. ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡು ತಾನೇ ಫೋನು ಎತ್ತಿ, ತಾನೇ ಒತ್ತಿ, ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟಳು.

ಊತದ ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿದೆ ಅಂದಳು ಸಿಸ್ಟರ್. ಪೂರ್ತಿ ಹೋಗಿಲ್ಲ, ಹೋಗುವ ಬೇನೆಯೂ ಇದಲ್ಲ. ಆದರೆ ಈಗ ಇಂಜೆಕ್ಷನ್ ಬೇಡ ಅಂದಿದ್ದಾರೆ ಡಾಕ್ಟರರು. ಇದೇ ಗುಳಿಗೆ ಹೀಗೇ ನಡೆಯಲಿ, ಮೂರು ತಿಂಗಳಿಗೆ ಬರ್ರಿ, ಬರುವಾಗ ಚೀಲ ತರ್ರಿ ಅಂದಳು.

"ಚೀಲದಾಗ ಏನೂ ಇರೂದಿಲ್ರಿ ಈ ಸಲ," ಅಂದಳು ಅಕ್ಕ. ಸ್ವಲ್ಪ ತಡೆದು, "ನಿಮ್ಮ ಕೈ ಬ್ಯಾನಿ ಹೋತೇನ್ರಿ, ನಿಂಬಿಹಣ್ಣ ಹಿಡದದ್ದು?"

ಆ ಕಡೆಯಿಂದ ನಗು ಕೇಳಿಸಿತು. ಯಾರೋ ಕರೆದರು, ಅವಳು ಇಟ್ಟಳು.

ಅಕ್ಕ ತನ್ನ ಎಡಗೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಉಂಗುರದ ಬೆರಳು ಆಗಲೇ ಸ್ವಲ್ಪ ವಾಲಿತ್ತು, ಅದು ಇನ್ನು ನೆಟ್ಟಗಾಗುವುದಿಲ್ಲ. ಉಳಿದ ನಾಲ್ಕು ನೆಟ್ಟಗಿದ್ದವು.

"ನಾಳಿಂದ ನಿನ್ನ ಕೈ ಬ್ಯಾಡ," ಅಂದಳು. "ನಿನ್ನ ಪೂಜಿ ಹೊತ್ತಿಗೆ ಮಾಡ್ಕೋ. ನಾ ಹಿಡೀತೇನಿ."

ನಾನು ಆಗಲಿ ಅಂದೆ. ನಾಳೆ ಅವಳ ಅಂಗೈಯಲ್ಲಿ ಲಿಂಗ ನಿಂತದ್ದು ನೋಡಿದ ಮೇಲೆಯೇ ಎದ್ದು ಹೋಗುವುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನೆರಳು ಚಾಪೆಯ ಅಂಚಿಗೆ ಬರುತ್ತಿತ್ತು. ಬಿಸಿಲು ಇಳಿದರೆ ಹುಣಸೆಹಣ್ಣು ಮೆತ್ತಗಾಗಿ ಬೀಜ ಬಿಡುವುದಿಲ್ಲ. ಇನ್ನೂ ಅರ್ಧ ಬುಟ್ಟಿ ಉಳಿದಿತ್ತು. ಕಲ್ಲು ಎತ್ತಿಕೊಂಡು ಬಡಿಯತೊಡಗಿದೆ.